ಪರದೇಶಕ್ಕೆ ಬಂದು ಒಂಬತ್ತು ತಿಂಗಳು, ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲ

ಪ್ರಶ್ನೆ: ನನಗೆ 34 ವರ್ಷ. ಕೆಲಸದ ಮೇಲೆ ಒಬ್ಬನೇ ಹೊರದೇಶಕ್ಕೆ ಬಂದು ಒಂಬತ್ತು ತಿಂಗಳಾಯಿತು. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಎರಡು ದಿನ ಆಫೀಸು. ಸಹೋದ್ಯೋಗಿಗಳು ಒಳ್ಳೆಯವರೇ. ನಗುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ, ಐದು ಗಂಟೆಗೆ ಹೊರಟುಬಿಡುತ್ತಾರೆ. ಎಷ್ಟೋ ವಾರ ಶುಕ್ರವಾರ ಸಂಜೆಯಿಂದ ಸೋಮವಾರದವರೆಗೆ ಎದುರಾಎದುರು ಯಾರೊಂದಿಗೂ ಒಂದು ಮಾತಾಡಿರುವುದಿಲ್ಲ. ದಿನಾ ಸಂಜೆ ಮನೆಯವರ ಜೊತೆ ಎರಡು ಗಂಟೆ ವಿಡಿಯೋ ಕಾಲ್ ಇರುತ್ತದೆ, ಇಟ್ಟ ಮೇಲೆ ಇನ್ನಷ್ಟು ಬೇಜಾರು. ನಮ್ಮ ಭಾಷೆಯವರ ಸಂಘಕ್ಕೆ ಒಮ್ಮೆ ಹೋದೆ. ಎಲ್ಲರೂ ಸಂಸಾರಸ್ಥರು, ಅವರವರದ್ದೇ ಗುಂಪು. ಚಾರಣ, ಬೋರ್ಡ್ ಗೇಮ್, ಫೋಟೋಗ್ರಫಿ ಅಂತ ಇನ್ನೂ ಮೂರು ಕಡೆ ಒಂದೊಂದು ಸಲ ಹೋಗಿ ಬಿಟ್ಟೆ. ಊರಲ್ಲಿ ನನಗೆ ಗೆಳೆಯರಿಗೇನೂ ಬರವಿರಲಿಲ್ಲ. ಆರು ತಿಂಗಳಲ್ಲಿ ಒಗ್ಗುತ್ತದೆ ಅಂದಿದ್ದರು, ಒಗ್ಗಲಿಲ್ಲ. ನನ್ನ ಸ್ವಭಾವದಲ್ಲೇ ದೋಷವಿದೆಯೇ? ಇದು ಖಿನ್ನತೆಯೇ? ವಾಪಸ್ ಹೋಗಿಬಿಡಲೇ?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮೂರರ ಬುಡದಲ್ಲೂ ಇರುವ ಆತಂಕ ಒಂದೇ. ಊರಲ್ಲಿ ಸಲೀಸಾಗಿ ಸ್ನೇಹ ಬೆಳೆಸುತ್ತಿದ್ದ ನನಗೆ ಇಲ್ಲಿ ಏಕೆ ಆಗುತ್ತಿಲ್ಲ, ನನ್ನಲ್ಲೇ ಏನೋ ಕೆಟ್ಟುಹೋಗಿದೆಯೇ ಎಂಬುದು. ನೀವು ಕೊಟ್ಟಿರುವ ವಿವರದಲ್ಲಿ ಸ್ವಭಾವದ ದೋಷ ನನಗೆ ಕಾಣುವುದಿಲ್ಲ. ಎದ್ದು ಕಾಣುವ ಕೊರತೆ ಇದು: ಅವೇ ಮುಖಗಳನ್ನು ಪದೇ ಪದೇ, ಆರಾಮಾಗಿ, ಆಫೀಸಿನ ಕೆಲಸದ ಹಂಗಿಲ್ಲದೆ ನೋಡುವ ಜಾಗ ನಿಮ್ಮ ವಾರದಲ್ಲಿ ಎಲ್ಲೂ ಇಲ್ಲ.

ಊರಿನ ಗೆಳೆತನಗಳು ಹೇಗಾದವು ಎಂದು ನೆನಪಿಸಿಕೊಳ್ಳಿ. ಶಾಲೆ, ಕಾಲೇಜು, ಹಾಸ್ಟೆಲು, ಒಂದೇ ಬೀದಿ. ಅವನ್ನು ಯಾರೂ ಪ್ರಯತ್ನಪಟ್ಟು ಕಟ್ಟಿಕೊಂಡಿರುವುದಿಲ್ಲ. ಸಾವಿರಾರು ಗಂಟೆ ಜೊತೆಗಿರಲೇಬೇಕಾದ ಏರ್ಪಾಡು ತಾನಾಗಿ ಅದನ್ನು ಮಾಡಿಸಿರುತ್ತದೆ. ದೇಶ ಬಿಟ್ಟಾಗ ಆ ಏರ್ಪಾಡು ಹಿಂದೆ ಉಳಿಯುತ್ತದೆ, ಸ್ನೇಹ ಮಾಡುವ ಶಕ್ತಿ ನಿಮ್ಮ ಜೊತೆಗೇ ಬಂದಿರುತ್ತದೆ.

ಈ ಗಂಟೆಗಳ ವಿಷಯವನ್ನು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅಳೆದು ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಭಾಗವಹಿಸಿದವರು ಹಿಂದಿನ ಆರು ತಿಂಗಳಲ್ಲಿ ಹೊಸ ಜಾಗಕ್ಕೆ ಬಂದ ವಯಸ್ಕರು ಮತ್ತು ಕಾಲೇಜಿಗೆ ಹೊಸದಾಗಿ ಸೇರಿದವರು. ಬರೀ ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹಿತ ಎಂದು ಧೈರ್ಯವಾಗಿ ಹೇಳಲು ಸುಮಾರು 90 ಗಂಟೆ, ಆಪ್ತ ಎನ್ನಿಸಿಕೊಳ್ಳಲು 200 ಗಂಟೆಗೂ ಹೆಚ್ಚು ಒಡನಾಟ ಬೇಕಾಯಿತು. ಇವು ಸರಾಸರಿಗಳು, ನಿಯಮವಲ್ಲ. ಇನ್ನೊಂದು ಸಂಗತಿ ನಿಮಗೆ ಮುಖ್ಯ: ಕೆಲಸದ ನಿಮಿತ್ತ ಒಟ್ಟಿಗೆ ಕಳೆದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ.

ಈಗ ನಿಮ್ಮ ಲೆಕ್ಕ ಹಾಕೋಣ. ಇಪ್ಪತ್ತು ಜನರ ಚಾರಣಕ್ಕೆ ಒಂದು ಸಲ ಹೋದರೆ ಒಬ್ಬೊಬ್ಬರ ಪಾಲಿಗೆ ಬರುವ ಮಾತು ಹತ್ತೋ ಹದಿನೈದೋ ನಿಮಿಷ. ನಾಲ್ಕು ಕಡೆ ಒಂದೊಂದು ಸಲ ಹೋದಾಗ ನಾಲ್ಕು ಕಡೆಯೂ ಎಣಿಕೆ ಸೊನ್ನೆಯಿಂದಲೇ ಶುರು. ಒಂದೇ ಕಡೆ ನಾಲ್ಕು ಸಲ ಹೋಗಿದ್ದರೆ ಇಬ್ಬರು ಮೂವರಿಗಾದರೂ ನಿಮ್ಮ ಹೆಸರು ಬಾಯಿಗೆ ಬಂದಿರುತ್ತಿತ್ತು. ಸಮಾಲೋಚನೆಗೆ ಬರುವ ವಲಸಿಗರಲ್ಲಿ ನಾವು ಹೆಚ್ಚಾಗಿ ಕಾಣುವ ತಪ್ಪು ಇದೇ. ಪ್ರಯತ್ನಕ್ಕೆ ಕೊರತೆಯಿಲ್ಲ, ಆದರೆ ಅದೆಲ್ಲ ಹತ್ತು ಕಡೆ ಚೆಲ್ಲಿಹೋಗಿರುತ್ತದೆ.

ಒಂಟಿತನ ಎರಡು ಬಗೆ

ಫೋನ್ ಇಟ್ಟ ಮೇಲೆ ಬೇಜಾರು ಹೆಚ್ಚಾಗುವುದಕ್ಕೂ ಕಾರಣವಿದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಒಂಟಿತನವನ್ನು ಎರಡಾಗಿ ಬಿಡಿಸಿದ್ದರು. ಒಂದು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಆಪ್ತರೊಬ್ಬರಿಲ್ಲದ ಒಂಟಿತನ. ಇನ್ನೊಂದು, ಸುತ್ತಲಿನ ಬಳಗಕ್ಕೆ ತಾನು ಸೇರಿದವನು ಎಂಬ ಭಾವನೆಯಿಲ್ಲದ ಒಂಟಿತನ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮನೆಯವರ ಕರೆ ಮೊದಲನೆಯದನ್ನು ಸ್ವಲ್ಪ ತಣಿಸೀತು. ಎರಡನೆಯದು ಎದುರಿಗಿರುವ ಜನರಿಂದಲೇ ತುಂಬಬೇಕು. ಅದಕ್ಕೇ ಎರಡು ಗಂಟೆ ಮಾತಾಡಿ ಇಟ್ಟ ಕೂಡಲೇ ಕೋಣೆ ಇನ್ನೂ ಖಾಲಿ ಅನ್ನಿಸುತ್ತದೆ.

ಮೊದಲನೆಯದಾದರೂ ನಿಜವಾಗಿ ತಣಿಯುತ್ತಿದೆಯೇ ಎಂದೂ ಕೇಳಿಕೊಳ್ಳಿ. ಪರದೇಶದಲ್ಲಿರುವ ಹೆಚ್ಚಿನವರು ಮನೆಯವರು ಕಂಗಾಲಾಗುತ್ತಾರೆಂದು "ಎಲ್ಲಾ ಚೆನ್ನಾಗಿದೆ" ಎಂದೇ ಹೇಳುತ್ತಾರೆ. ಎರಡು ಗಂಟೆ ಚೆನ್ನಾಗಿರುವವನಂತೆ ನಟಿಸಿ ಫೋನ್ ಇಟ್ಟರೆ ದಣಿವಾಗುವುದು ಸಹಜ.

ಕೇಳಿಬರುವ ಮಾತುಗಳಲ್ಲಿ ನಿಜವೆಷ್ಟು

"ಆರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ." ಈ ಮಾತಿಗೆ ಹಳೆಯ ಮೂಲವಿದೆ. 1955ರಲ್ಲಿ ನಾರ್ವೆಯ ಸ್ವೆರೆ ಲಿಸ್‌ಗಾರ್ಡ್, ಅಮೆರಿಕಕ್ಕೆ ಹೋಗಿಬಂದ ಸುಮಾರು 200 ಮಂದಿ ನಾರ್ವೆಯವರನ್ನು ಮಾತಾಡಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನ ಅವಧಿಯಷ್ಟೇ ಇದ್ದವರು ಅಷ್ಟಾಗಿ ಹೊಂದಿಕೊಂಡಿರಲಿಲ್ಲ. ಮೊದಲು ಹಿಗ್ಗು, ಆಮೇಲೆ ಕುಗ್ಗು, ಮತ್ತೆ ಏರು ಎಂಬ ಚಿತ್ರ ಅಲ್ಲಿಂದ ಹಬ್ಬಿತು. ಆದರೆ ಅವರು ಒಬ್ಬರನ್ನೇ ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿದ್ದಲ್ಲ, ಬೇರೆ ಬೇರೆ ಅವಧಿಗೆ ಹೋದ ಬೇರೆ ಬೇರೆ ಜನರನ್ನು ಹೋಲಿಸಿದ್ದು. ಆಮೇಲೆ ಕೊಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದಿಳಿದ ದಿನಗಳಿಂದಲೇ ಗಮನಿಸಿ 1998ರಲ್ಲಿ ವರದಿ ಮಾಡಿದರು. ಅವರಲ್ಲಿ ಸಂಕಟ ಹೆಚ್ಚಿದ್ದುದು ಹೊಸತರಲ್ಲೇ. ಅಂದರೆ ಎಲ್ಲರಿಗೂ ಹೊಂದುವ ವೇಳಾಪಟ್ಟಿ ಯಾವುದೂ ಇಲ್ಲ. ಒಂಬತ್ತು ತಿಂಗಳಿಗೆ ಒಗ್ಗಿಲ್ಲವೆಂದರೆ ನೀವು ಹಿಂದೆ ಬಿದ್ದಿರಿ ಎಂದಲ್ಲ. ಹಾಗೆಯೇ ಸುಮ್ಮನೆ ಕಾದರೆ ಹನ್ನೆರಡನೆಯ ತಿಂಗಳೂ ಏನನ್ನೂ ತಂದುಕೊಡುವುದಿಲ್ಲ.

"ಇಲ್ಲಿಯವರಿಗೆ ಹೊರಗಿನವರು ಬೇಡ." ಇದರಲ್ಲಿ ಒಂದು ಪಾಲು ಸತ್ಯವಿದೆ, ಮುಚ್ಚಿಡುವುದಿಲ್ಲ. ಬಣ್ಣ, ಉಚ್ಚಾರಣೆ, ಪಾಸ್‌ಪೋರ್ಟ್ ನೋಡಿ ದೂರ ಇಡುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಂಥ ಅನುಭವವಾದರೆ ಅದನ್ನು ನಿಮ್ಮ ಭ್ರಮೆಯೆಂದು ತಳ್ಳಿಹಾಕಬೇಡಿ. ಆದರೂ ನೀವು ಬರೆದಿರುವ ಐದು ಗಂಟೆಗೆ ಹೊರಡುವ ಸಹೋದ್ಯೋಗಿಗಳ ವಿಷಯದಲ್ಲಿ ಹೆಚ್ಚು ಸಾಧ್ಯತೆ ಬೇರೆ. ಅವರಿಗೆ ಮನೆ, ಮಕ್ಕಳು, ಶಾಲೆಯ ಕಾಲದ ಗೆಳೆಯರು ಇದ್ದಾರೆ, ವಾರ ಭರ್ತಿಯಾಗಿದೆ. ನಿಮ್ಮ ಶನಿವಾರ ಖಾಲಿಯಿದೆ ಎಂಬುದು ಅವರಿಗೆ ಹೊಳೆದೇ ಇರುವುದಿಲ್ಲ.

ಇಲ್ಲಿ ಒಂಟಿತನದ ಒಂದು ಕೆಟ್ಟ ಗುಣ ಹೇಳಬೇಕು. ಶಿಕಾಗೋ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಹಸಿವು ಊಟವನ್ನು ಹುಡುಕಿಸುವಂತೆ ಒಂಟಿತನ ಜನರನ್ನು ಹುಡುಕಿಸುವ ಸೂಚನೆ ಎಂಬುದು ಅವರ ವಾದ. ಆದರೆ ಅದು ಹೆಚ್ಚು ಕಾಲ ಉಳಿದರೆ ಮನಸ್ಸು ಅಪಾಯವನ್ನೇ ಹುಡುಕಲು ಕಲಿಯುತ್ತದೆ. ತಿರಸ್ಕಾರ ಎಲ್ಲಿದೆ ಎಂದು ಸದಾ ಕಣ್ಣಿಟ್ಟಿರುತ್ತದೆ. ಸುಮ್ಮನಿರುವ ಮುಖ ಸಿಟ್ಟಿನ ಮುಖವಾಗಿ ಕಾಣುತ್ತದೆ, ತಡವಾದ ಉತ್ತರ ಬೇಡವೆಂಬ ಉತ್ತರವಾಗುತ್ತದೆ. ನಾವು ಮೊದಲೇ ಮುದುಡಿಕೊಳ್ಳುತ್ತೇವೆ, ಎದುರಿನವರು ಅದನ್ನು ನೋಡಿ ಹಿಂದೆ ಸರಿಯುತ್ತಾರೆ, ನಮ್ಮ ಅನುಮಾನ ನಿಜವಾದಂತೆ ಅನ್ನಿಸುತ್ತದೆ. ಒಂಟಿತನಕ್ಕೆ ಮಾಡಿದ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2011ರ ವಿಶ್ಲೇಷಣೆಯಲ್ಲಿ, ಬರೀ ಜನರನ್ನು ಒಂದೆಡೆ ಸೇರಿಸುವುದಕ್ಕಿಂತ ಈ ತಪ್ಪು ಓದನ್ನು ತಿದ್ದುವ ಪ್ರಯತ್ನಗಳೇ ಹೆಚ್ಚು ಫಲ ಕೊಟ್ಟಿದ್ದವು.

ಇದನ್ನು ನೀವೇ ಶುರುಮಾಡಬಹುದು. ಒಂದು ಹಾಳೆಯಲ್ಲಿ ಮೂರು ಕಲಂ ಗೀಚಿಕೊಳ್ಳಿ. ಮೊದಲನೆಯದರಲ್ಲಿ ನಡೆದದ್ದು, ಕ್ಯಾಮೆರಾ ಸೆರೆಹಿಡಿಯುವಷ್ಟು ಮಾತ್ರ: "ಮುಂದೊಮ್ಮೆ ಸೇರೋಣ ಅಂದರು, ಎರಡು ವಾರವಾಯಿತು, ಸುದ್ದಿಯಿಲ್ಲ." ಎರಡನೆಯದರಲ್ಲಿ ನೀವು ಅಂದುಕೊಂಡದ್ದು: "ಶಿಷ್ಟಾಚಾರಕ್ಕೆ ಹೇಳಿದ್ದು, ನಾನು ಬೇಡ." ಮೂರನೆಯದರಲ್ಲಿ ಅಷ್ಟೇ ಸಾಧ್ಯವಿರುವ ಇನ್ನೆರಡು ಕಾರಣ: ಮರೆತಿದ್ದಾರೆ, ದಿನ ಗೊತ್ತುಮಾಡುವುದು ನಿಮ್ಮ ಸರದಿ ಎಂದು ಅವರು ಅಂದುಕೊಂಡಿದ್ದಾರೆ. ವಾರಕ್ಕೆ ಎರಡು ಘಟನೆ ಬರೆದರೆ ಸಾಕು. ಒಳ್ಳೆಯದನ್ನೇ ಯೋಚಿಸಬೇಕೆಂದು ನಾನು ಹೇಳುತ್ತಿಲ್ಲ. ಇನ್ನೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಇಟ್ಟುಕೊಂಡರೆ ಮುಂದಿನ ಹೆಜ್ಜೆಗೆ ಜಾಗ ಉಳಿಯುತ್ತದೆ. ಹೊಸಬರ ಜೊತೆ ಮಾತಾಡಿದ ಮೇಲೆ "ನಾನು ಅವರಿಗೆ ಹಿಡಿಸಲಿಲ್ಲ" ಎಂದು ಜನ ನಿಜಕ್ಕಿಂತ ಹೆಚ್ಚಾಗಿ ಅಂದಾಜು ಮಾಡುತ್ತಾರೆ ಎಂಬುದನ್ನು ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದ್ದಾರೆ. ಒಂದೇ ವಸತಿಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು.

"ನಾನು ಅಂತರ್ಮುಖಿ, ಅದಕ್ಕೇ ಹೀಗೆ." ಅಂತರ್ಮುಖಿಗಳಿಗೆ ಕಡಿಮೆ ಜನ ಸಾಕಾಗಬಹುದು, ಯಾರೂ ಬೇಡವೆಂದಲ್ಲ. ದೊಡ್ಡ ಗದ್ದಲದ ಕೂಟ ಬಿಟ್ಟು ಸಣ್ಣ ಗುಂಪು ಆರಿಸಿಕೊಂಡರಾಯಿತು.

ಒಂದೇ ಜಾಗ, ಹನ್ನೆರಡು ವಾರ

ಈಗ ಮಾಡಬೇಕಾದ್ದು. ಮುಂದಿನ ಹನ್ನೆರಡು ವಾರಕ್ಕೆ ಒಂದೇ ಒಂದು ಚಟುವಟಿಕೆ ಆರಿಸಿ. ಆರಿಸುವಾಗ ವಿಷಯ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಏರ್ಪಾಡು ಹೇಗಿದೆ ಎಂದು ನೋಡಿ. ವಾರಕ್ಕೊಮ್ಮೆ ತಪ್ಪದೆ ನಡೆಯಬೇಕು, ತಿಂಗಳಿಗೊಮ್ಮೆ ಆದರೆ ಮುಖ ಮರೆತುಹೋಗುತ್ತದೆ. ಬರುವವರು ಎಂಟರಿಂದ ಹದಿನೈದು ಮಂದಿ, ಹೆಚ್ಚುಕಡಿಮೆ ಅವರೇ ಇರಬೇಕು. ಪ್ರತಿಸಲ ಹೊಸ ಜನ ಸೇರುವ ಕೂಟದಲ್ಲಿ ಪ್ರತಿಸಲವೂ ಹೆಸರು, ಊರು, ಕೆಲಸ ಎಂಬ ಮೂರು ಪ್ರಶ್ನೆಯೇ ಆಗುತ್ತದೆ. ಕೈಗೆ ಏನಾದರೂ ಕೆಲಸವಿರಬೇಕು: ಹಾಡುವ ಗುಂಪು, ಮಡಕೆ ಮಾಡುವ ತರಗತಿ, ತೋಟ, ಬ್ಯಾಡ್ಮಿಂಟನ್ ಡಬಲ್ಸ್, ಭಾಷಾ ತರಗತಿ. ಕೈ ಕೆಲಸದಲ್ಲಿದ್ದರೆ ಮಾತು ನಿಂತಾಗ ಮುಜುಗರವಾಗುವುದಿಲ್ಲ. ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವಂತಿರಬೇಕು, ಇಲ್ಲದಿದ್ದರೆ ಮಳೆ ಬಂದ ಮೂರನೆಯ ವಾರ ಬಿಟ್ಟುಬಿಡುತ್ತೀರಿ. ಸಾಧ್ಯವಾದರೆ ಇಡೀ ಅವಧಿಗೆ ಮುಂಗಡ ಶುಲ್ಕ ಕಟ್ಟುವಂಥದ್ದನ್ನು ಹಿಡಿಯಿರಿ. ಕಟ್ಟಿದವರು ಬಿಡುವುದಿಲ್ಲ, ನೀವೂ, ಉಳಿದವರೂ.

ಜಿಮ್ ಇದಕ್ಕೆ ಆಗುವುದಿಲ್ಲ, ಅಲ್ಲಿ ಕಿವಿಗೆ ಹೆಡ್‌ಫೋನ್ ಇರುತ್ತದೆ. ಉಪನ್ಯಾಸ, ಸಿನಿಮಾ ಕೂಟಗಳೂ ಆಗುವುದಿಲ್ಲ, ಎಲ್ಲರ ಕಣ್ಣು ಒಂದೇ ಕಡೆ. ಭಾಷಾ ತರಗತಿಯ ಬಗ್ಗೆ ಒಂದು ಎಚ್ಚರಿಕೆ: ಅಲ್ಲಿ ಎಲ್ಲರೂ ಹೊಸಬರು, ಎಲ್ಲರಿಗೂ ಜನ ಬೇಕು, ಹಾಗಾಗಿ ಸ್ನೇಹ ಬೇಗ ಆಗುತ್ತದೆ. ಆದರೆ ಅವರಲ್ಲಿ ಹಲವರು ಒಂದೆರಡು ವರ್ಷದಲ್ಲಿ ಊರು ಬಿಡುವವರು. ಅದೊಂದನ್ನೇ ನೆಚ್ಚಿಕೊಂಡರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಸ್ವಯಂಸೇವೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೈಹಿಡಿಯುವ ದಾರಿ. ಅಲ್ಲಿ ನೀವು ಅತಿಥಿಯಲ್ಲ, ನಿಮಗೊಂದು ಸರದಿ ಇರುತ್ತದೆ, ಬಾರದಿದ್ದರೆ ಏಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಸೇರುವ ಮುನ್ನ ವೀಸಾ ಷರತ್ತು ಓದಿ. ಕೆಲವು ದೇಶಗಳಲ್ಲಿ ಕೆಲವು ಬಗೆಯ ವೀಸಾಗಳಿಗೆ ಸಂಬಳವಿಲ್ಲದ ಸೇವೆಯೂ ಕೆಲಸವೆಂದೇ ಲೆಕ್ಕ.

ಮೊದಲ ಮೂರು ವಾರ ಏನೂ ಆಗುವುದಿಲ್ಲ. ಈ ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ ಬಿಡುವವರು ಬಿಡುವುದು ಆಗಲೇ. ಆ ವಾರಗಳಲ್ಲಿ ನಿಮ್ಮ ಕೆಲಸ ಇಷ್ಟೇ: ಹತ್ತು ನಿಮಿಷ ಮುಂಚೆ ಹೋಗುವುದು, ಮುಗಿದ ಮೇಲೆ ಕಾಲು ಗಂಟೆ ಉಳಿಯುವುದು. ನಿಜವಾದ ಮಾತುಕತೆ ಆಗುವುದು ಕುರ್ಚಿ ಜೋಡಿಸುವಾಗ, ಬ್ಯಾಗು ಕಟ್ಟುವಾಗ, ಬಸ್ ನಿಲ್ದಾಣದವರೆಗೆ ನಡೆಯುವಾಗ. ಗಂಟೆ ಹೊಡೆದ ಕೂಡಲೇ ಹೊರಡುವವರಿಗೆ ಇದ್ಯಾವುದೂ ಸಿಗುವುದಿಲ್ಲ. ಪ್ರತಿವಾರ ಇಬ್ಬರ ಹೆಸರು ಕಲಿಯಿರಿ. ಮನೆಗೆ ಬಂದು ಫೋನಿನಲ್ಲಿ ಹೆಸರಿನ ಮುಂದೆ ಒಂದು ವಿವರ ಬರೆದಿಡಿ: "ಮಗಳಿಗೆ ಪರೀಕ್ಷೆ", "ಮೊಣಕಾಲು ನೋವು". ಮುಂದಿನ ವಾರ ಅದನ್ನೇ ಕೇಳಿ. ನಾಲ್ಕನೆಯ ವಾರಕ್ಕೆ ಒಂದು ಸಣ್ಣ ಜವಾಬ್ದಾರಿ ಕೇಳಿ ಪಡೆಯಿರಿ, ಬಾಗಿಲು ತೆಗೆಯುವುದೋ, ಹಾಜರಿ ಹಿಡಿಯುವುದೋ. ಆಗ ಎಲ್ಲರೂ ನಿಮ್ಮನ್ನು ಮಾತಾಡಿಸಲೇಬೇಕಾಗುತ್ತದೆ.

ವಾರಕ್ಕೆ ಎರಡು ಗಂಟೆ, ಮೇಲೆ ಈ ಅರ್ಧ ಗಂಟೆ ಸೇರಿದರೆ ಹನ್ನೆರಡು ವಾರಕ್ಕೆ 30 ಗಂಟೆ. ಹಾಲ್ ಹೇಳುವ 50ಕ್ಕೆ ಇನ್ನೂ 20 ಕಡಿಮೆ. ಆ ಇಪ್ಪತ್ತು ತರಗತಿಯ ಹೊರಗಿನಿಂದ ಬರಬೇಕು, ಅದಕ್ಕೆ ಯಾರಾದರೂ ಕರೆಯಬೇಕು, ಹೆಚ್ಚಿನ ಪಾಲು ಅದು ನೀವೇ ಆಗಿರಬೇಕು. ಐದನೆಯ ಆರನೆಯ ವಾರದಲ್ಲಿ, ನಿಮ್ಮ ಜೊತೆ ಸಲೀಸಾಗಿ ಮಾತಾಡುವ ಒಬ್ಬರನ್ನು ಆರಿಸಿ. "ಯಾವಾಗಾದರೂ ಸಿಗೋಣ" ಎಂಬ ಕರೆ ಕರೆಯಲ್ಲ, ಅದಕ್ಕೆ ಹೂಂ ಅನ್ನುವುದು ಸುಲಭ, ಬರುವುದು ಅಸಾಧ್ಯ. ದಿನ, ಗಂಟೆ, ಜಾಗ, ಎಷ್ಟು ಹೊತ್ತು ಎಲ್ಲ ಸೇರಿಸಿ, ಬೇಡವೆನ್ನಲು ದಾರಿಯನ್ನೂ ಕೊಟ್ಟು ಕೇಳಿ: "ಶನಿವಾರ ಬೆಳಿಗ್ಗೆ ಹತ್ತಕ್ಕೆ ನದಿದಂಡೆಯಲ್ಲಿ ಒಂದು ಗಂಟೆ ನಡೆಯಲು ಹೋಗುತ್ತಿದ್ದೇನೆ. ಬಿಡುವಿದ್ದರೆ ಬನ್ನಿ, ಇಲ್ಲದಿದ್ದರೆ ಇನ್ನೊಮ್ಮೆ ನೋಡೋಣ." ಅವರು ಬಾರದಿದ್ದರೂ ನೀವು ನಡೆದು ಬನ್ನಿ. ಆಗುವುದಿಲ್ಲ ಅಂದರೆ ಎರಡು ಮೂರು ವಾರ ಬಿಟ್ಟು ಬೇರೆ ದಿನ, ಬೇರೆ ಸಮಯಕ್ಕೆ ಮತ್ತೊಮ್ಮೆ ಕೇಳಿ. ಎರಡು ಸಲವೂ ಇಲ್ಲವೆಂದು, ಬೇರೆ ದಿನವನ್ನೂ ಅವರು ಸೂಚಿಸದಿದ್ದರೆ ಅಲ್ಲಿಗೆ ಬಿಡಿ. ನಮಸ್ಕಾರ ನಿಲ್ಲಿಸಬೇಡಿ, ಇನ್ನೊಬ್ಬರನ್ನು ಕರೆಯಿರಿ. ಕರೆದವರೆಲ್ಲ ಬರಲಿ ಎಂದು ಕಾಯಬೇಡಿ, ಹನ್ನೆರಡು ಮಂದಿಯಲ್ಲಿ ಇಬ್ಬರು ಬಂದರೂ ನಿಮ್ಮ ವಾರ ಬದಲಾಗುತ್ತದೆ.

ಮಾತು ಒಂದು ಅಡ್ಡಿ ಎಂದು ನೀವು ಬರೆದಿಲ್ಲ, ಆದರೆ ಬಹಳ ಜನಕ್ಕೆ ಇರುತ್ತದೆ. ಮೀಟಿಂಗಿನ ಭಾಷೆ ಬಂದರೂ ಹರಟೆಯ ಭಾಷೆ ಬರುವುದಿಲ್ಲ. ಅರ್ಧ ವಾಕ್ಯ, ಹಳೆಯ ಟಿವಿ ಕಾರ್ಯಕ್ರಮದ ಉಲ್ಲೇಖ, ನಾಲ್ಕು ಜನ ಒಟ್ಟಿಗೆ ಮಾತು. ಗದ್ದಲದ ಜಾಗದಲ್ಲಿ ಇದು ಇನ್ನೂ ಕಷ್ಟ. ಒಬ್ಬರು ಇಬ್ಬರ ಜೊತೆ, ನಿಶ್ಶಬ್ದವಾದ ಕಡೆ ಸಿಗುವುದು ಸುಲಭ ದಾರಿ. ಅರ್ಥವಾಗದ್ದಕ್ಕೆ ನಗುವುದಕ್ಕಿಂತ "ಅದೇನು, ನನಗೆ ಗೊತ್ತಾಗಲಿಲ್ಲ" ಎಂದು ಕೇಳಿದರೆ ಎದುರಿನವರಿಗೆ ವಿವರಿಸುವ ಖುಷಿಯೂ ಸಿಗುತ್ತದೆ.

ಇದರ ಜೊತೆಗೆ ದಿನನಿತ್ಯದ ಸಣ್ಣ ಪರಿಚಯಗಳನ್ನು ಕಡೆಗಣಿಸಬೇಡಿ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಫಿ ಅಂಗಡಿಯವರ ಜೊತೆ ಕಣ್ಣು ಸೇರಿಸಿ ನಕ್ಕು ಎರಡು ಮಾತಾಡಿದವರು, ಬೇಗ ಕೊಟ್ಟು ತೆಗೆದುಕೊಂಡು ಹೊರಟವರಿಗಿಂತ ಹೆಚ್ಚು ಖುಷಿಯನ್ನೂ ಇಲ್ಲಿಗೆ ಸೇರಿದವರೆಂಬ ಭಾವನೆಯನ್ನೂ ಹೇಳಿಕೊಂಡರು. ಹಾಗಾಗಿ ಮನೆಯಿಂದ ಕೆಲಸ ಮಾಡುವ ಮೂರು ದಿನವೂ ಒಂದೇ ಹೊತ್ತಿಗೆ ಒಂದೇ ಅಂಗಡಿ, ಒಂದೇ ಗ್ರಂಥಾಲಯ, ಒಂದೇ ಪಾರ್ಕಿಗೆ ಹೋಗಿ. ವಾರಾಂತ್ಯದಲ್ಲೂ ಶನಿವಾರ ಮಧ್ಯಾಹ್ನದೊಳಗೆ ಒಬ್ಬರಾದರೂ ಎದುರಾಗುವ ಒಂದು ಕಾರಣ ಇಟ್ಟುಕೊಳ್ಳಿ. ಆಫೀಸಿಗೆ ಹೋಗುವ ಎರಡು ದಿನವನ್ನು ತಂಡದ ಹೆಚ್ಚಿನವರು ಬರುವ ದಿನಕ್ಕೆ ಬದಲಿಸಿಕೊಳ್ಳಲು ಆಗುತ್ತದೆಯೇ ಕೇಳಿ.

ಮನೆಯ ಕರೆ, ನಮ್ಮವರ ಸಂಘ, ಇರುವ ಮನೆ

ಮನೆಗೆ ಫೋನ್ ಮಾಡುವುದೇ ಸಮಸ್ಯೆ, ನಿಲ್ಲಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದು ತಪ್ಪು, ಇರುವ ಒಂದು ಆಸರೆಯನ್ನೂ ಕಡಿದುಕೊಳ್ಳಬೇಡಿ. ಬದಲಿಸಬೇಕಾದ್ದು ಹೊತ್ತನ್ನು. ಸಂಜೆ ಆರರಿಂದ ಎಂಟು ಸುತ್ತಲಿನ ಜನ ಸೇರುವ, ತರಗತಿ ನಡೆಯುವ ಹೊತ್ತು. ಆ ಎರಡು ಗಂಟೆ ದಿನಾ ಪರದೆಯ ಮುಂದೆ ಹೋಗುತ್ತಿದೆ. ಎರಡೂ ದೇಶದ ಗಡಿಯಾರ ನೋಡಿಕೊಂಡು, ವಾರದ ದಿನಗಳಲ್ಲಿ ಬೆಳಿಗ್ಗೆಯೋ ಊಟದ ಹೊತ್ತಿಗೋ ಹದಿನೈದು ನಿಮಿಷ, ವಾರಾಂತ್ಯದಲ್ಲಿ ಒಂದು ಉದ್ದದ ಕರೆ ಎಂದು ಹಂಚಿ. ಹೇಳದೆ ಕಡಿಮೆ ಮಾಡಬೇಡಿ, ಅಪ್ಪ ಅಮ್ಮ ಇನ್ನೇನೋ ಊಹಿಸಿಕೊಂಡು ಗಾಬರಿಯಾಗುತ್ತಾರೆ. "ಸಂಜೆ ಒಂದು ಕ್ಲಾಸಿಗೆ ಸೇರಿದ್ದೇನೆ, ಇನ್ನು ಬೆಳಿಗ್ಗೆ ಮಾಡುತ್ತೇನೆ" ಎಂದರೆ ಅವರಿಗೂ ನೆಮ್ಮದಿ. ಊರಿನಲ್ಲಿರುವ ಒಬ್ಬರಿಗಾದರೂ, ಹಳೆಯ ಗೆಳೆಯನಿಗೋ ಅಕ್ಕನಿಗೋ, ಇದ್ದದ್ದನ್ನು ಇದ್ದಂತೆ ಹೇಳಿ. ವೈಸ್ ಹೇಳಿದ ಮೊದಲನೆಯ ಒಂಟಿತನಕ್ಕೆ ಮದ್ದು ಅದು.

ಸಂಘದ ವಿಷಯದಲ್ಲಿ ಎರಡು ಅತಿರೇಕಗಳಿವೆ. ನಮ್ಮವರ ಜೊತೆ ಮಾತ್ರ ಇದ್ದುಬಿಡುವುದು ಒಂದು, ಇಲ್ಲಿಯವರಾಗಬೇಕಾದರೆ ನಮ್ಮವರಿಂದ ದೂರ ಇರಬೇಕು ಎನ್ನುವುದು ಇನ್ನೊಂದು. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿಯವರ ಸಂಶೋಧನೆ ತೋರಿಸುವಂತೆ ಎರಡೂ ಕಡೆ ಕಾಲಿಟ್ಟುಕೊಂಡವರು ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಾಗಿರುತ್ತಾರೆ, ಎರಡೂ ಕಡೆಯಿಂದ ಹೊರಗುಳಿದವರ ಪಾಡು ಎಲ್ಲಕ್ಕಿಂತ ಕಷ್ಟ. ನೀವು ಹೋದದ್ದು ದೊಡ್ಡ ಕಾರ್ಯಕ್ರಮಕ್ಕೆ ಎಂದು ತೋರುತ್ತದೆ. ಅಂಥ ದಿನ ಎಲ್ಲರೂ ಪರಿಚಿತರನ್ನೇ ಹುಡುಕುತ್ತಾರೆ. ಮುಂದಿನ ಕಾರ್ಯಕ್ರಮಕ್ಕೆ ಪ್ರೇಕ್ಷಕರಾಗಿ ಹೋಗುವ ಬದಲು ಸಂಘಟಕರಿಗೆ ಮೊದಲೇ ಸಂದೇಶ ಕಳಿಸಿ: "ತಯಾರಿಗೆ ಎರಡು ಗಂಟೆ ಮುಂಚೆ ಬರಬಲ್ಲೆ." ಕೈಜೋಡಿಸುವವರು ಅವರಿಗೆ ಎಂದೂ ಸಾಲುವುದಿಲ್ಲ.

ಇರುವ ಜಾಗದ ಪ್ರಭಾವವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಯಲ್ಲಿ ಮಾಡಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರು ಯಾರಿಗೆ ಸ್ನೇಹಿತರಾದರು ಎಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಬಾಗಿಲುಗಳ ನಡುವಿನ ದೂರ ಮತ್ತು ಮೆಟ್ಟಿಲು ಎಲ್ಲಿದೆ ಎಂಬುದು. ಬಾಡಿಗೆ ಕರಾರು ಮುಗಿಯುವಾಗ, ಒಬ್ಬರೇ ಇರುವ ಮನೆ ಬಿಟ್ಟು ಇಬ್ಬರು ಮೂವರು ಹಂಚಿಕೊಳ್ಳುವ ಮನೆಗೆ ಹೋಗುವುದನ್ನು ಯೋಚಿಸಿ. ಇದರಲ್ಲಿ ಅಪಾಯವೂ ಇದೆ. ಹೊಂದಾಣಿಕೆಯಾಗದ ಮನೆಯಲ್ಲಿ ನಾಲ್ಕು ಜನರ ನಡುವೆ ಇರುವ ಒಂಟಿತನ ಇನ್ನೂ ಕಹಿ. ಹೋಗುವ ಮುನ್ನ ಅಲ್ಲಿರುವವರು ವಾರಕ್ಕೊಮ್ಮೆಯಾದರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆಯೇ ಎಂದು ಕೇಳಿ. ಅದೊಂದು ಉತ್ತರ ಬಹಳ ಹೇಳುತ್ತದೆ. ಮೊದಲ ಕರಾರು ಚಿಕ್ಕ ಅವಧಿಗಿರಲಿ.

ಒಂಟಿಯಾಗಿರುವ ಹೊಸಬರನ್ನು ಹುಡುಕಿಕೊಂಡು ಬರುವವರೂ ಇದ್ದಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮುಖ ತೋರಿಸದೆ ವಾರಗಟ್ಟಲೆ ಪ್ರೀತಿಯ ಸಂದೇಶ ಕಳಿಸಿ ಆಮೇಲೆ ಹೂಡಿಕೆಯ ಮಾತೆತ್ತುವವರು. ಭೇಟಿಯಾದ ಎರಡನೆಯ ಸಲವೇ ವ್ಯಾಪಾರದ ಸರಪಳಿಗೆ ಸೇರಿಸುವವರು. ವಿಪರೀತ ಅಕ್ಕರೆ ತೋರಿಸಿ, ಬೇರೆ ಗೆಳೆಯರಿಂದ, ಮನೆಯವರಿಂದ ನಿಮ್ಮನ್ನು ದೂರ ಮಾಡುವ ಗುಂಪುಗಳು. ಹಣ, ಗುರುತಿನ ದಾಖಲೆ, ಗುಟ್ಟು, ಇವುಗಳಲ್ಲಿ ಯಾವುದನ್ನು ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಮೋಸಹೋದವರು ದಡ್ಡರಾಗಿರುವುದಿಲ್ಲ, ಬಹಳ ದಿನ ಯಾರೂ ಮಾತಾಡಿಸದೆ ಇದ್ದವರಾಗಿರುತ್ತಾರೆ.

ಇದು ಖಿನ್ನತೆಯೇ?

ಮೊದಲು ಒಂದು ಅಳತೆ. ಒಂಟಿತನ ಅಳೆಯಲು ಸಂಶೋಧಕರು ಬಳಸುವ ಮೂರು ಪ್ರಶ್ನೆಗಳ ಒಂದು ಕಿರುಪಟ್ಟಿಯಿದೆ. ಜೊತೆಗೆ ಯಾರೂ ಇಲ್ಲ ಅನ್ನಿಸುವುದು, ಹೊರಗುಳಿದಂತೆ ಅನ್ನಿಸುವುದು, ಉಳಿದವರಿಂದ ಬೇರ್ಪಟ್ಟಂತೆ ಅನ್ನಿಸುವುದು ಎಷ್ಟು ಸಲ? ಅಪರೂಪಕ್ಕೆ ಎಂದರೆ 1, ಆಗೀಗ ಎಂದರೆ 2, ಆಗಾಗ್ಗೆ ಎಂದರೆ 3. ಮೊತ್ತ 3ರಿಂದ 9ರವರೆಗೆ ಬರುತ್ತದೆ, 6 ಅಥವಾ ಹೆಚ್ಚಾದರೆ ಒಂಟಿತನ ಎಂದು ಸಾಮಾನ್ಯವಾಗಿ ಲೆಕ್ಕ. ಇವತ್ತು ಬರೆದಿಡಿ, ಆರನೆಯ ಮತ್ತು ಹನ್ನೆರಡನೆಯ ವಾರದ ಕೊನೆಗೆ ಮತ್ತೆ ಬರೆಯಿರಿ. ಅಂದಂದಿನ ಮನಸ್ಥಿತಿ ಹೇಳುವುದಕ್ಕಿಂತ ಈ ಅಂಕಿ ಹೆಚ್ಚು ನಂಬಿಕೆಗೆ ಅರ್ಹ.

ಒಂಟಿತನ ಮತ್ತು ಖಿನ್ನತೆ ಅಕ್ಕಪಕ್ಕದಲ್ಲೇ ಇರುತ್ತವೆ, ಆದರೆ ಒಂದೇ ಅಲ್ಲ. ಒಳ್ಳೆಯ ಜೊತೆ ಸಿಕ್ಕ ದಿನ ಮನಸ್ಸು ಹಗುರಾಗುತ್ತದೆಯೇ? ಹಾಗಿದ್ದರೆ ಅದು ಮುಖ್ಯವಾಗಿ ಒಂಟಿತನ. ಜನರ ನಡುವೆಯೂ ಏನೂ ರುಚಿಸದೆ, ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು, ನಿದ್ದೆ ಅಥವಾ ಹಸಿವಿನಲ್ಲಿ ಏರುಪೇರು, ಗಮನ ನಿಲ್ಲದಿರುವುದು, ತಾನು ಯಾವುದಕ್ಕೂ ಬಾರದವನೆಂಬ ಯೋಚನೆ ಇದ್ದರೆ ಮೇಲಿನ ಹನ್ನೆರಡು ವಾರದ ಯೋಜನೆಗಿಂತ ಮೊದಲು ವೈದ್ಯರನ್ನು ನೋಡಬೇಕು. ಖಿನ್ನತೆಯಲ್ಲಿರುವವರಿಗೆ ಜನರ ಜೊತೆ ಬೆರೆಯಿರಿ ಎಂದು ಹೇಳಿ ಬಿಟ್ಟುಬಿಡುವುದು ಚಿಕಿತ್ಸೆಯಲ್ಲ. ಚಳಿಗಾಲದಲ್ಲಿ ಹಗಲು ಬಹಳ ಚಿಕ್ಕದಾಗುವ ದೇಶದಲ್ಲಿ ನೀವಿದ್ದರೆ, ಆ ಕಾಲಕ್ಕೆ ಮಾತ್ರ ಬರುವ ಖಿನ್ನತೆಯೂ ಇದೆ. ಅದಕ್ಕೆ 10,000 ಲಕ್ಸ್ ಬೆಳಕಿನ ದೀಪದ ಮುಂದೆ ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಕೂರುವ ಚಿಕಿತ್ಸೆ ರೂಢಿಯಲ್ಲಿದೆ. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಸಂಜೆಯ ಬೇಸರಕ್ಕೆ ಮದ್ಯ ಅಭ್ಯಾಸವಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅದು ನಿದ್ದೆ ಕೆಡಿಸಿ ಮರುದಿನದ ಮಂಕನ್ನು ಹೆಚ್ಚಿಸುತ್ತದೆ.

ಸಹಾಯಕ್ಕೆ ಎಲ್ಲಿ ಹೋಗುವುದು? ನೋಂದಾಯಿಸಿಕೊಂಡ ಕುಟುಂಬ ವೈದ್ಯರು ಮೊದಲ ಮೆಟ್ಟಿಲು. ಬಹಳ ಕಂಪನಿಗಳಲ್ಲಿ ಉದ್ಯೋಗಿಗಳಿಗೆ ಉಚಿತವಾಗಿ ಕೆಲವು ಸಮಾಲೋಚನೆ ಸಿಗುತ್ತದೆ. ಗೋಪ್ಯತೆಯ ನಿಯಮ ಓದಿಕೊಂಡು ಬಳಸಿ. ಮನಸ್ಸಿನ ಮಾತು ತಾಯ್ನುಡಿಯಲ್ಲೇ ಬರುವುದು ಎಂದಾದರೆ ಊರಿನ ಸಮಾಲೋಚಕರನ್ನು ಆನ್‌ಲೈನಿನಲ್ಲಿ ಹುಡುಕಬಹುದು. ಆದರೆ ಒಂದು ದೇಶದ ಪರವಾನಗಿ ಇನ್ನೊಂದು ದೇಶದಲ್ಲಿರುವವರಿಗೆ ಚಿಕಿತ್ಸೆ ಕೊಡಲು ಹಲವೆಡೆ ಸಾಲುವುದಿಲ್ಲ, ತುರ್ತು ಬಂದರೆ ಅವರು ನಿಮ್ಮ ಬಳಿಗೆ ಯಾರನ್ನೂ ಕಳಿಸಲಾರರು. ಮೊದಲ ಭೇಟಿಯಲ್ಲೇ ಈ ಎರಡನ್ನೂ ಕೇಳಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ನಾಳೆಗೆ ಕಾಯದೆ ಆ ದೇಶದ ತುರ್ತು ಸಂಖ್ಯೆಗೋ ಸಹಾಯವಾಣಿಗೋ ಕರೆ ಮಾಡಿ, ಒಬ್ಬ ಸಹೋದ್ಯೋಗಿಗೋ ನೆರೆಯವರಿಗೋ ಆ ರಾತ್ರಿಯೇ ತಿಳಿಸಿ. ಪರಿಚಯ ಸಾಲದು ಎಂದು ಸಂಕೋಚಪಡಬೇಡಿ. ಆ ಎರಡು ಸಂಖ್ಯೆಗಳನ್ನು ಇವತ್ತೇ ಫೋನಿನಲ್ಲಿ ಸೇರಿಸಿಡಿ.

ವಾಪಸ್ ಹೋಗುವ ಬಗ್ಗೆ

ಹೋಗುವುದು ಸೋಲಲ್ಲ. ಊರಿನಲ್ಲಿ ನೋಡಿಕೊಳ್ಳಬೇಕಾದವರಿದ್ದರೆ, ಆರೋಗ್ಯ ಕೆಡುತ್ತಿದ್ದರೆ, ಬಂದ ಕೆಲಸವೇ ಹಿಡಿಸದಿದ್ದರೆ ಅದು ಸರಿಯಾದ ನಿರ್ಧಾರವೂ ಆಗಬಹುದು. ಆದರೆ ಭಾನುವಾರ ರಾತ್ರಿ, ಚಳಿಗಾಲದ ಮಧ್ಯೆ, ಊರಿನಿಂದ ಮರಳಿದ ಮೊದಲ ವಾರದಲ್ಲಿ ಅದನ್ನು ತೀರ್ಮಾನಿಸಬೇಡಿ. ಹನ್ನೆರಡು ವಾರ ಮುಗಿದ ಮೇಲೆ ಎರಡು ತಿಂಗಳು ಬಿಟ್ಟು ಒಂದು ದಿನಾಂಕ ಗೊತ್ತುಮಾಡಿ. ಅಲ್ಲಿಯವರೆಗೆ ದಿನಾ ಈ ಪ್ರಶ್ನೆಯನ್ನು ಅಗೆಯಬೇಡಿ. ಪೆಟ್ಟಿಗೆ ಕಟ್ಟಿಟ್ಟುಕೊಂಡು ಕೂತವರು ಯಾರ ಜೊತೆಗೂ ಬೆರೆಯಲಾರರು. ಆ ದಿನ ಮೂರು ವಿಷಯ ನೋಡಿ: ಅಂಕಿ ಇಳಿದಿದೆಯೇ, ಹೇಳದೆ ಕೇಳದೆ ಫೋನ್ ಮಾಡಬಹುದಾದ ಒಬ್ಬರಾದರೂ ಇಲ್ಲಿ ಇದ್ದಾರೆಯೇ, ಒಂಟಿತನ ಇಲ್ಲದಿದ್ದರೆ ಈ ಕೆಲಸ, ಈ ಬದುಕು ನಿಮಗೆ ಬೇಕೇ.

ಹೋಗುವುದೇ ಎಂದಾದರೆ ಒಂದು ಸಿದ್ಧತೆ ಬೇಕು. ಮರಳಿದವರಿಗೂ ಎರಡನೆಯ ಸಲ ಹೊಂದಿಕೊಳ್ಳುವ ಕಷ್ಟವಿರುತ್ತದೆ ಎಂದು ಜಾನ್ ಮತ್ತು ಜೀನ್ ಗಲಾಹಾರ್ನ್ 1963ರಲ್ಲೇ ದಾಖಲಿಸಿದ್ದಾರೆ. ಗೆಳೆಯರಿಗೆ ಮದುವೆ, ಮಕ್ಕಳು, ಬೇರೆ ಊರು ಆಗಿರುತ್ತದೆ, ನೀವು ಬಿಟ್ಟುಬಂದ ಬಳಗ ಹಾಗೆಯೇ ಕಾದಿರುವುದಿಲ್ಲ. ಅಲ್ಲಿಗೆ ಹೋದ ಮೇಲೂ ವಾರಕ್ಕೊಮ್ಮೆ ಅವೇ ಹತ್ತು ಜನ ಸೇರುವ ಒಂದು ಜಾಗವನ್ನು ಮೊದಲ ತಿಂಗಳಲ್ಲೇ ಹುಡುಕಿಕೊಳ್ಳಿ.